ಮೂತ್ರಪಿಂಡರೋಗದ ಪಥ್ಯಾಹಾರ: ಅದರ ಇತಿಹಾಸವೂ ಪೀರನವಾಡಿ ಸೀಮೆಯ ಅಡುಗೆಯೂ

1

ಪೀರನವಾಡಿಯು ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ಹೆದ್ದಾರಿಯ ಮೇಲಿರುವ ಊರು. ಹಿಂದೆ ಪ್ರತ್ಯೇಕ ಹಳ್ಳಿಯಾಗಿದ್ದ ಇದು ಈಗ ಪಟ್ಟಣ ಪಂಚಾಯತಿಯ ಪದವಿಯನ್ನು ಪಡೆದು ಬೆಳಗಾವಿ ನಗರದೊಡನೆ ಬಹುಮಟ್ಟಿಗೆ ಕೂಡಿಕೊಂಡಿದೆ. ಆಹಾರದ ಇತಿಹಾಸವನ್ನು ಅಭ್ಯಸಿಸುವವರಿಗೆ ಈ ಸ್ಥಳವು ಒಂದು ಕಾರಣದಿಂದ ಗಮನಾರ್ಹವಾಗಿದೆ. ಖಾನಾಪುರ ತಾಲ್ಲೂಕು ಹೆಚ್ಚು ಮಳೆಯ ನಾಡು. ಭತ್ತ ಅಲ್ಲಿಯ ಮುಖ್ಯ ಬೆಳೆ. ಬೆಳಗಾವಿಯಿಂದ ಪೂರ್ವಕ್ಕೆ ಸಾಗಿದಂತೆ ಮಳೆ ಕಡಿಮೆಯಾಗಿ ಜೋಳದ ಸೀಮೆ ಮೊದಲಾಗುತ್ತದೆ. ಹೀಗಾಗಿ ಇಲ್ಲಿಯ ಊಟದ ತಾಟಿನಲ್ಲಿ ಅನ್ನವೂ ರೊಟ್ಟಿಯೂ ಕೂಡಿಯೇ ಬರುತ್ತವೆ. ಇವುಗಳೊಡನೆ ಈ ಎರಡೂ ತಾಲ್ಲೂಕುಗಳಲ್ಲಿ ಮಳೆಗಾಲದ ಬೆಳೆಯಾಗಿ ಬರುವ ಬಟಾಟೆ, ಗೆಣಸು; ತೊಗರಿಬೇಳೆ, ಶೇಂಗಾ, ಕಾಯಿಪಲ್ಲೆ, ಹಾಲು, ಮಜ್ಜಿಗೆ, ಉಪ್ಪಿನಕಾಯಿ ಇವೆಲ್ಲವೂ ನಿತ್ಯದ ಅಡುಗೆಯಲ್ಲಿ ಸೇರಿವೆ.

ಇಂಥ ಒಂದು ಮನೆಯಲ್ಲಿ ಯಾರಿಗಾದರೂ ದೀರ್ಘಕಾಲಿಕ ಮೂತ್ರಪಿಂಡರೋಗವಿದೆಯೆಂದು ವೈದ್ಯರು ತಿಳಿಸಿದರೆ, ಅಂದಿನಿಂದ ಒಲೆಯ ಮುಂದೆ ಏಳುವ ಮೊದಲನೆಯ ಪ್ರಶ್ನೆ, ಇವರಿಗೆ ಏನನ್ನು ಬಡಿಸಬೇಕು, ಏನನ್ನು ಬಿಡಬೇಕು ಎಂಬುದು. ನೆರೆಹೊರೆಯವರು ಕೊಡುವ ಉತ್ತರಗಳು ಹಲವು, ಮತ್ತು ಪರಸ್ಪರ ವಿರುದ್ಧ. ಬೇಳೆಯನ್ನು ಪೂರ್ತಿ ಬಿಡಬೇಕೆನ್ನುವವರಿದ್ದಾರೆ, ಹಾಲನ್ನೇ ಕುಡಿಸಬೇಕೆನ್ನುವವರಿದ್ದಾರೆ, ಗಂಜಿಯ ಹೊರತು ಬೇರೇನೂ ಸಲ್ಲದೆನ್ನುವವರೂ ಇದ್ದಾರೆ. ಈ ಉತ್ತರಗಳಲ್ಲಿ ಒಂದೂ ನಿರಾಧಾರವಾದುದಲ್ಲ. ಪ್ರತಿಯೊಂದೂ ವೈದ್ಯಶಾಸ್ತ್ರದ ಇತಿಹಾಸದ ಒಂದೊಂದು ಕಾಲದಲ್ಲಿ ಮಾನ್ಯವಾಗಿದ್ದ ನಿಯಮಕ್ಕೆ ಹೊಂದುವಂಥದು. ಆದರೆ ಒಂದು ಕಾಲಕ್ಕೆ, ರೋಗದ ಒಂದು ಘಟ್ಟಕ್ಕೆ ಹೇಳಿದ ನಿಯಮವನ್ನು ಎಲ್ಲ ಕಾಲಕ್ಕೂ ಎಲ್ಲ ರೋಗಿಗಳಿಗೂ ಅನ್ವಯಿಸಿದಾಗ ಅದು ಉಪಕಾರದ ಬದಲು ಅಪಕಾರವನ್ನೇ ಮಾಡುತ್ತದೆ. ಈ ಮಾತನ್ನು ಇತಿಹಾಸದ ಆಧಾರದಿಂದ ವಿಶದಪಡಿಸುವುದೇ ಪ್ರಸ್ತುತ ಲೇಖನದ ಉದ್ದೇಶವಾಗಿದೆ.

2

ನಮ್ಮ ಪ್ರಾಚೀನ ವೈದ್ಯಗ್ರಂಥಗಳಲ್ಲಿ ಮೂತ್ರಪಿಂಡರೋಗದ ಪಥ್ಯವನ್ನು ಹುಡುಕುವವರು ಮೊದಲಿಗೆ ಒಂದು ಎಚ್ಚರಿಕೆಯನ್ನು ವಹಿಸಬೇಕು. ಚರಕಸಂಹಿತೆಯು ವೃಕ್ಕವೆಂಬ ಅವಯವವನ್ನು ಬಲ್ಲದು. ಆದರೆ ಅದನ್ನು ಮೇದೋವಹ ಸ್ರೋತಸ್ಸಿನ, ಅಂದರೆ ಕೊಬ್ಬನ್ನು ಒಯ್ಯುವ ಮಾರ್ಗದ, ಮೂಲವೆಂದು ಹೇಳುತ್ತದೆಯೇ ಹೊರತು ಮೂತ್ರವನ್ನು ಉಂಟುಮಾಡುವ ಅವಯವವೆಂದು ಹೇಳುವುದಿಲ್ಲ. ಆದಕಾರಣ ಪ್ರಮೇಹ, ಮೂತ್ರಕೃಚ್ಛ್ರ, ಮೂತ್ರಾಘಾತ ಮುಂತಾದ ರೋಗಗಳ ವಿವರಣೆ ಆ ಗ್ರಂಥಗಳಲ್ಲಿ ವಿಸ್ತಾರವಾಗಿ ಬಂದಿದ್ದರೂ ಅವುಗಳಲ್ಲಿ ಯಾವುದನ್ನೂ ಇಂದಿನ ದೀರ್ಘಕಾಲಿಕ ಮೂತ್ರಪಿಂಡರೋಗದೊಡನೆ ಸಮೀಕರಿಸುವುದು ಯುಕ್ತವಲ್ಲ.

ಆದರೆ ರೋಗದ ಹೆಸರು ಬೇರೆಯಾದರೂ ಲಕ್ಷಣಗಳು ಕಣ್ಣಿಗೆ ಕಾಣುವಂಥವು. ಮೈ ಬಾತುಕೊಳ್ಳುವ ಶೋಥ, ಹೊಟ್ಟೆಯಲ್ಲಿ ನೀರು ತುಂಬುವ ಉದರ ಇವುಗಳ ಚಿಕಿತ್ಸೆಯಲ್ಲಿ ಚರಕಸಂಹಿತೆಯು ಉಪ್ಪನ್ನು ವರ್ಜಿಸಲು ವಿಧಿಸುತ್ತದೆ. ಜಲೋದರದ ರೋಗಿಯನ್ನು ಬಹುಕಾಲ ಹಾಲಿನ ಮೇಲೆಯೇ ಇರಿಸಲು ಹೇಳುತ್ತದೆ. ಬಾವಿಗೂ ಉಪ್ಪಿಗೂ ಸಂಬಂಧವಿದೆಯೆಂಬ ಈ ಅವಲೋಕನವು ಮಹತ್ವದ್ದು. ಕಾರಣ ತಿಳಿಯದೆಯೂ ಅನುಭವವು ಇಷ್ಟು ದೂರ ಬಂದಿತ್ತು.

ಕನ್ನಡನಾಡಿನಲ್ಲಿ ಈ ಪರಂಪರೆಗೆ ತನ್ನದೇ ಆದ ಒಂದು ಛಾಯೆ ಉಂಟು. 9ನೆಯ ಶತಮಾನದ ಉಗ್ರಾದಿತ್ಯನ ಸಂಸ್ಕೃತ ಕಲ್ಯಾಣಕಾರಕವೂ 12ನೆಯ ಶತಮಾನದ ಜಗದ್ದಳ ಸೋಮನಾಥನ ಕನ್ನಡ ಕಲ್ಯಾಣಕಾರಕವೂ ಜೈನಧರ್ಮಕ್ಕೆ ಅನುಗುಣವಾಗಿ ಮಾಂಸ, ಮದ್ಯಗಳನ್ನು ಚಿಕಿತ್ಸೆಯಿಂದ ದೂರವಿರಿಸಿದವು. ಇನ್ನೊಂದು ಕಡೆ, 11ನೆಯ ಶತಮಾನದ ಚಾವುಂಡರಾಯನ ಲೋಕೋಪಕಾರವು ಅಡುಗೆ, ವೈದ್ಯ ಎರಡನ್ನೂ ಒಂದೇ ಗ್ರಂಥದಲ್ಲಿ ಕೂಡಿಸಿದರೆ, 16ನೆಯ ಶತಮಾನದ ಆರಂಭದ ಮೂರನೆಯ ಮಂಗರಸನು ಸೂಪಶಾಸ್ತ್ರವೆಂದು ಅಡುಗೆಗೇ ಮೀಸಲಾದ ಕೃತಿಯನ್ನು ರಚಿಸಿದನು. ಅಡುಗೆಯನ್ನು ಶಾಸ್ತ್ರವೆಂದು ಬಗೆದು ಬರೆಯುವ ಅಭ್ಯಾಸ ನಮ್ಮಲ್ಲಿ ಹಳೆಯದೆಂಬುದಕ್ಕೆ ಇವು ಸಾಕ್ಷಿಯಾಗಿವೆ. ಈ ಪರಂಪರೆಯಲ್ಲಿ ಪಥ್ಯವೆಂಬುದು ಮುಖ್ಯವಾಗಿ ಪದಾರ್ಥಗಳ ಗುಣವನ್ನು ಕುರಿತ ವಿಚಾರ: ಇದು ಹಿತ, ಅದು ಅಹಿತ. ಪದಾರ್ಥದೊಳಗಿನ ಅಂಶಗಳನ್ನು ತೂಗಿ ಲೆಕ್ಕಹಾಕುವ ಪದ್ಧತಿಯು ರಸಾಯನಶಾಸ್ತ್ರದ ಬೆಳವಣಿಗೆಯನ್ನು ಕಾಯಬೇಕಾಯಿತು.

3

1827ರಲ್ಲಿ ಲಂಡನ್ನಿನ ಗೈ ಆಸ್ಪತ್ರೆಯ ವೈದ್ಯ ರಿಚರ್ಡ್ ಬ್ರೈಟನು ತಾನು ಕಂಡ ರೋಗಿಗಳ ವರದಿಯನ್ನು ಪ್ರಕಟಿಸಿದನು. ಮೈ ಬಾತ ರೋಗಿಗಳ ಮೂತ್ರವನ್ನು ಕಾಯಿಸಿದಾಗ, ತತ್ತಿಯ ಬಿಳಿಭಾಗ ಬೆಂದು ಗಟ್ಟಿಯಾಗುವಂತೆ, ಅದರಲ್ಲಿಯ ಸಸಾರಜನಕವು, ಅಂದರೆ ಪ್ರೋಟೀನು, ಹೆಪ್ಪುಗಟ್ಟುತ್ತಿತ್ತು. ಆ ರೋಗಿಗಳು ಸತ್ತಮೇಲೆ ಪರೀಕ್ಷಿಸಿದರೆ ಮೂತ್ರಪಿಂಡಗಳು ವಿಕೃತವಾಗಿದ್ದವು. ಬಾವು, ಮೂತ್ರ, ಮೂತ್ರಪಿಂಡ ಈ ಮೂರನ್ನೂ ಹೀಗೆ ಒಂದೇ ಸೂತ್ರದಲ್ಲಿ ಪೋಣಿಸಿದ್ದರಿಂದ ಈ ರೋಗವು ಬಹುಕಾಲದವರೆಗೆ ಬ್ರೈಟನ ಹೆಸರಿನಿಂದಲೇ ಕರೆಯಲ್ಪಟ್ಟಿತು. ಇಂಥ ರೋಗಿಗಳ ರಕ್ತದಲ್ಲಿ ಯೂರಿಯಾ ಎಂಬ ಸಾರಜನಕಯುಕ್ತ ಕಲ್ಮಶವು ಹೆಚ್ಚಾಗಿರುವುದನ್ನು ಅವನ ಸಮಕಾಲೀನರು ತೋರಿಸಿದರು.

ಇಷ್ಟಾದರೂ ಪಥ್ಯವು ಇನ್ನೂ ಅನುಭವದ ಮಾರ್ಗದಲ್ಲಿಯೇ ಇತ್ತು. ರಶಿಯಾದ ಸೇಂಟ್ ಪೀಟರ್ಸ್‌ಬರ್ಗಿನ ವೈದ್ಯ ಫಿಲಿಪ್ ಕಾರೆಲ್ಲನು 1866ರಲ್ಲಿ ಕ್ಷೀರಚಿಕಿತ್ಸೆಯನ್ನು ಪ್ರಚಾರಕ್ಕೆ ತಂದನು. ಕೆನೆ ತೆಗೆದ ಹಾಲನ್ನು ಅಳತೆಯಿಂದ ಹೊತ್ತುಹೊತ್ತಿಗೆ ಕೊಡುವುದು ಅವನ ಕ್ರಮ. ಬಾವು ಇಳಿಯುತ್ತಿತ್ತು, ಹಾಲಿನಲ್ಲಿಯೇ ಏನೋ ವಿಶೇಷ ಗುಣವಿದೆಯೆಂದು ಜನರು ನಂಬಿದರು. 1903ರಲ್ಲಿ ಪ್ಯಾರಿಸಿನ ಫರ್ನಾಂ ವಿಡಾಲ್ ಮತ್ತು ಅಡಾಲ್ಫ್ ಜವಾಲ್ ಇವರು ರೋಗಿಯ ಆಹಾರದಲ್ಲಿ ಉಪ್ಪನ್ನು ಕೂಡಿಸಿ, ಮತ್ತೆ ಕಳೆದು, ದಿನದಿನವೂ ತೂಕ ನೋಡಿದರು. ಉಪ್ಪು ಏರಿದಾಗ ಬಾವು ಏರಿತು. ಉಪ್ಪು ಇಳಿದಾಗ ಬಾವೂ ಇಳಿಯಿತು. ಹಾಲು ಗುಣಕಾರಿಯಾಗಿ ಕಂಡದ್ದು ಅದರಲ್ಲಿ ಉಪ್ಪಿನಂಶ ಕಡಿಮೆಯಿದ್ದುದರಿಂದ ಮತ್ತು ಅದನ್ನು ಮಿತವಾಗಿ ಕೊಟ್ಟುದರಿಂದ ಎಂಬುದು ಇದರಿಂದ ವ್ಯಕ್ತವಾಯಿತು. ಪಥ್ಯದ ಇತಿಹಾಸದಲ್ಲಿ ಇದು ನಿರ್ಣಾಯಕವಾದ ತಿರುವು. ಅದುವರೆಗೆ ಗಮನವು ಪದಾರ್ಥದ ಮೇಲಿತ್ತು; ಇಲ್ಲಿಂದ ಮುಂದೆ ಪದಾರ್ಥದೊಳಗಿನ ಅಂಶದ ಮೇಲೆ ಬಿತ್ತು.

4

ಅಳತೆಯ ಪಥ್ಯದಲ್ಲಿ ಅಕ್ಕಿಗೆ ದೊರೆತ ಸ್ಥಾನವು ಖಾನಾಪುರ ಸೀಮೆಯವರಿಗೆ ಕುತೂಹಲವನ್ನುಂಟುಮಾಡಬಹುದು. ಜರ್ಮನಿಯಿಂದ ವಲಸೆ ಬಂದ ವಾಲ್ಟರ್ ಕೆಂಪ್ನರ್ ಎಂಬ ವೈದ್ಯನು 1939ರಲ್ಲಿ ಅಮೇರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ರಕ್ತದೊತ್ತಡ ಮತ್ತು ಮೂತ್ರಪಿಂಡರೋಗಗಳಿಗೆ ಅನ್ನದ ಪಥ್ಯವನ್ನು ಪ್ರಾರಂಭಿಸಿದನು. 1944ರಲ್ಲಿ ಅದರ ಫಲಿತಾಂಶವನ್ನು ಪ್ರಕಟಿಸಿದನು. ಅನ್ನ, ಹಣ್ಣು, ಹಣ್ಣಿನ ರಸ, ಸಕ್ಕರೆ ಇಷ್ಟೇ ಆಹಾರ. ದಿನಕ್ಕೆ ಸುಮಾರು 2000 ಕ್ಯಾಲೊರಿ, 20 ಗ್ರಾಂ ಸಸಾರಜನಕ. ಸೋಡಿಯಂ 150 ಮಿಲಿಗ್ರಾಮಿಗಿಂತ ಹೆಚ್ಚಿಲ್ಲ. ಪರಿಣಾಮಕಾರಿಯಾದ ಔಷಧಗಳಿಲ್ಲದ ಆ ಕಾಲದಲ್ಲಿ ಅನೇಕರ ರಕ್ತದೊತ್ತಡ ಇಳಿಯಿತು. ಆದರೆ ರುಚಿಯಿಲ್ಲದ ಈ ಊಟವನ್ನು ಬಹುದಿನ ನಡೆಸುವುದು ದುಸ್ತರವಾಗಿತ್ತು. ನಮ್ಮಲ್ಲಿ ಅನ್ನವನ್ನೇ ಉಣ್ಣುವವರೂ ಆ ಫಲವನ್ನು ಕಾಣದಿರಲು ಒಂದು ಮುಖ್ಯ ಕಾರಣ, ಅನ್ನದ ಮಗ್ಗುಲಿನಲ್ಲಿ ಬಡಿಸುವ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳೆಂಬುದನ್ನು ಇಲ್ಲಿ ಸೂಚಿಸಬಹುದು.

1963ರಲ್ಲಿ ಇಟಲಿಯ ಜೋರ್ಡಾನೋ, 1964ರಲ್ಲಿ ಪೀಸಾದ ಜೋವನ್ನೆಟ್ಟಿ ಮತ್ತು ಮಾಜೋರೆ ಇನ್ನೊಂದು ಹೆಜ್ಜೆ ಮುಂದಿಟ್ಟರು. ಸಸಾರಜನಕವನ್ನು ದಿನಕ್ಕೆ 20 ಗ್ರಾಮಿನ ಸುಮಾರಿಗೆ ಇಳಿಸಬೇಕು. ಆದರೆ ಆ ಅಲ್ಪಭಾಗವು ತತ್ತಿಯಂಥ ಉತ್ತಮ ದರ್ಜೆಯದಾಗಿರಬೇಕು. ಉಳಿದ ಶಕ್ತಿಯು ಸಸಾರಜನಕವಿಲ್ಲದ ಪಿಷ್ಟ ಮತ್ತು ಜಿಡ್ಡುಗಳಿಂದ ದೊರೆಯಬೇಕು. ಇದರಿಂದ ಕೊನೆಯ ಘಟ್ಟದ ರೋಗಿಗಳ ವಾಕರಿಕೆ, ವಾಂತಿಗಳು ಶಮನವಾಗುತ್ತಿದ್ದವು. ಇದಕ್ಕಾಗಿ ಇಟಲಿಯಲ್ಲಿ ಗೋದಿಯ ಪಿಷ್ಟದಿಂದ ವಿಶೇಷ ಶಾವಿಗೆಗಳನ್ನು ಸಿದ್ಧಪಡಿಸಬೇಕಾಯಿತು. ನಮ್ಮಲ್ಲಿ ಉಪವಾಸದ ದಿನ ಉಪಯೋಗಿಸುವ ಸಾಬೂದಾಣಿಯು ಬಹುಮಟ್ಟಿಗೆ ಶುದ್ಧ ಪಿಷ್ಟವೇ ಆಗಿದ್ದು ಈ ಕಾರ್ಯಕ್ಕೆ ತಾನಾಗಿಯೇ ಒದಗುತ್ತದೆ. ಅದರಲ್ಲಿ ಶೇಂಗಾ ಪುಡಿಯನ್ನು ಧಾರಾಳವಾಗಿ ಬೆರೆಸಿದರೆ ಮಾತ್ರ ಉದ್ದೇಶವು ಕೆಡುತ್ತದೆ.

ಇಂಥ ಲೆಕ್ಕವನ್ನು ನಮ್ಮ ದೇಶದಲ್ಲಿ ಹಾಕಲು ನಮ್ಮ ಪದಾರ್ಥಗಳ ಕೋಷ್ಟಕಗಳು ಬೇಕು. 1930ರ ದಶಕದಲ್ಲಿ ಕೂನೂರಿನ ಪ್ರಯೋಗಶಾಲೆಯಲ್ಲಿ ಆಯ್‌ಕ್ರಾಯ್ಡ್ ಮತ್ತು ಸಂಗಡಿಗರು ಈ ಕಾರ್ಯಕ್ಕೆ ಅಡಿಗಲ್ಲು ಹಾಕಿದರು. ಆ ಪ್ರಯೋಗಶಾಲೆಯು 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು ಮುಂದೆ ರಾಷ್ಟ್ರೀಯ ಪೌಷ್ಟಿಕಾಹಾರ ಸಂಸ್ಥೆಯಾಯಿತು. 1971ರ ಗೋಪಾಲನ್ ಮತ್ತು ಸಹಕಾರಿಗಳ ಗ್ರಂಥ, 2017ರ ಭಾರತೀಯ ಆಹಾರ ಸಂಯೋಜನೆಯ ಕೋಷ್ಟಕಗಳು ಅಲ್ಲಿಯವೇ. ಪೀರನವಾಡಿಯ ರೋಗಿಗೆ ಪಥ್ಯವನ್ನು ಬರೆದುಕೊಡುವ ಆಹಾರತಜ್ಞರ ಕೈಯಲ್ಲಿರುವುದು ಈ ಪರಂಪರೆಯ ಫಲ.

5

ಇದೇ ಕಾಲದಲ್ಲಿ ಪಥ್ಯದ ಬುನಾದಿಯನ್ನೇ ಬದಲಿಸುವ ಬೇರೊಂದು ಸಂಶೋಧನೆ ನಡೆದಿತ್ತು. 1943ರಲ್ಲಿ ನೆದರ್ಲೆಂಡಿನ ಕಾಂಪೆನ್ ಪಟ್ಟಣದಲ್ಲಿ ವಿಲ್ಲೆಮ್ ಕೋಲ್ಫನು ರಕ್ತವನ್ನು ದೇಹದ ಹೊರಗೆ ಶೋಧಿಸುವ ಯಂತ್ರವನ್ನು ಮನುಷ್ಯರ ಮೇಲೆ ಉಪಯೋಗಿಸಿದನು. 1960ರಲ್ಲಿ ಅಮೇರಿಕದ ಸಿಯಾಟಲ್ಲಿನ ಬೆಲ್ಡಿಂಗ್ ಸ್ಕ್ರಿಬ್ನರನು ರೋಗಿಯ ತೋಳಿನಲ್ಲಿ ಟೆಫ್ಲಾನ್ ನಳಿಗೆಯನ್ನು ಸ್ಥಿರವಾಗಿ ಇರಿಸುವ ಉಪಾಯವನ್ನು ಕಂಡುಹಿಡಿದ ಬಳಿಕ ಈ ಶೋಧನೆಯನ್ನು ವರ್ಷಾನುಗಟ್ಟಲೆ ನಡೆಸುವುದು ಸಾಧ್ಯವಾಯಿತು. ಇದೇ ಡಯಾಲಿಸಿಸ್.

ಪಥ್ಯದ ದೃಷ್ಟಿಯಿಂದ ಇದರ ಅರ್ಥವೇನು? ಡಯಾಲಿಸಿಸ್ಸಿಗೆ ಮುಂಚೆ ಕಲ್ಮಶ ಹೆಚ್ಚದಂತೆ ಸಸಾರಜನಕವನ್ನು ಮಿತಗೊಳಿಸಬೇಕಾಗಿತ್ತು. ಡಯಾಲಿಸಿಸ್ಸಿನಲ್ಲಿ ಯಂತ್ರವು ಕಲ್ಮಶವನ್ನು ತೆಗೆಯುತ್ತದೆ. ಅದರೊಡನೆ ಸಸಾರಜನಕದ ಘಟಕಗಳನ್ನೂ ಪ್ರತಿಸಲ ಕೆಲವು ಗ್ರಾಮಿನಷ್ಟು ಒಯ್ಯುತ್ತದೆ. ಆದ್ದರಿಂದ ಮೊದಲು ಮಿತಗೊಳಿಸಿದ್ದನ್ನು ಈಗ ಹೆಚ್ಚಿಸಬೇಕು. 2020ರಲ್ಲಿ ಪ್ರಕಟವಾದ ಅಮೇರಿಕದ ಮಾರ್ಗಸೂಚಿಯ ಪ್ರಕಾರ, ಡಯಾಲಿಸಿಸ್ಸಿನ ಮೇಲಿಲ್ಲದ, ಮಧುಮೇಹವಿಲ್ಲದ ರೋಗಿಗೆ 3ನೆಯ ಘಟ್ಟದಿಂದ ಮುಂದೆ ದೇಹತೂಕದ ಕಿಲೋಗ್ರಾಮಿಗೆ 0.55ರಿಂದ 0.60 ಗ್ರಾಂ ಸಸಾರಜನಕ, ಮಧುಮೇಹಿಗೆ 0.6ರಿಂದ 0.8, ಡಯಾಲಿಸಿಸ್ಸಿನ ಮೇಲಿರುವವರಿಗೆ 1.0ರಿಂದ 1.2. 2024ರ ಅಂತರರಾಷ್ಟ್ರೀಯ ಮಾರ್ಗಸೂಚಿಯು ಡಯಾಲಿಸಿಸ್ಸಿಗೆ ಮುಂಚಿನವರಿಗೆ 0.8ನ್ನು ಸೂಚಿಸುತ್ತದೆ. ತಜ್ಞರಲ್ಲಿ ಈ ಅಭಿಪ್ರಾಯಭೇದಕ್ಕೆ ಕಾರಣವುಂಟು: 840 ರೋಗಿಗಳನ್ನೊಳಗೊಂಡು ಅಮೇರಿಕದಲ್ಲಿ ನಡೆದು 1994ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸಸಾರಜನಕವನ್ನು ತೀವ್ರವಾಗಿ ಇಳಿಸಿದ್ದರಿಂದ ನಿರೀಕ್ಷಿಸಿದಷ್ಟು ನಿಶ್ಚಿತವಾದ ಲಾಭವು ಕಂಡುಬರಲಿಲ್ಲ. ಆದರೆ ಡಯಾಲಿಸಿಸ್ ಮೊದಲಾದ ಮೇಲೆ ಸಸಾರಜನಕವು ಏರಬೇಕೆಂಬ ವಿಷಯದಲ್ಲಿ ಭೇದವಿಲ್ಲ.

ಬೆಳಗಾವಿಯಲ್ಲಿ 1933ರಲ್ಲಿ ಆಯುರ್ವೇದ ಮಹಾವಿದ್ಯಾಲಯವನ್ನು ಸ್ಥಾಪಿಸಿದ್ದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು ಜವಾಹರಲಾಲ ನೆಹರು ವೈದ್ಯಕೀಯ ಮಹಾವಿದ್ಯಾಲಯವನ್ನು ಆರಂಭಿಸಿದ್ದು 1963ರಲ್ಲಿ, ಅಂದರೆ ಜೋರ್ಡಾನೋನ ಲೇಖನ ಹೊರಬಂದ ವರ್ಷದಲ್ಲಿ. 2016ರಲ್ಲಿ ಕೇಂದ್ರ ಸರಕಾರವು ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವನ್ನು ಕೈಕೊಂಡು ಜಿಲ್ಲಾ ಆಸ್ಪತ್ರೆಗಳ ಮಟ್ಟಕ್ಕೆ ಈ ಚಿಕಿತ್ಸೆಯನ್ನು ತಂದಿತು. ಹೀಗೆ ಇಟಲಿಯಲ್ಲಿಯೂ ಅಮೇರಿಕದಲ್ಲಿಯೂ ಒಂದರ ಹಿಂದೊಂದು ಬಂದ ಎರಡು ಪಥ್ಯಗಳು ನಮ್ಮ ಮನೆಗಳಿಗೆ ಕೂಡಿಯೇ ಬಂದವು. ಆಪತ್ತು ಇರುವುದು ಇಲ್ಲಿಯೇ. ರೋಗದ ಮೊದಲ ದಿನಗಳಲ್ಲಿ ಕೇಳಿದ “ಬೇಳೆ ಬೇಡ, ತತ್ತಿ ಬೇಡ” ಎಂಬ ಮಾತು ಮನೆಯವರ ಮನಸ್ಸಿನಲ್ಲಿ ಆಳವಾಗಿ ನಿಲ್ಲುತ್ತದೆ. ಡಯಾಲಿಸಿಸ್ ಆರಂಭವಾದ ಮೇಲೂ ಅದೇ ಗಂಜಿ, ಅದೇ ತಿಳಿಸಾರು ನಡೆದರೆ ರೋಗಿಯ ಮಾಂಸಖಂಡಗಳು ಕರಗಿ, ಸೋಂಕನ್ನು ಎದುರಿಸುವ ಶಕ್ತಿ ಕುಂದುತ್ತದೆ. ಭಕ್ತಿಯಿಂದ ಪಾಲಿಸಿದ ಪಥ್ಯವೇ ಆಗ ಕ್ಷಯಕ್ಕೆ ಕಾರಣವಾಗುತ್ತದೆ. ಅಡುಗೆ ಮಾಡುವ ಗೃಹಿಣಿಯೇ ರೋಗಿಯಾಗಿದ್ದು ಎಲ್ಲರ ನಂತರ ಉಳಿದುದನ್ನು ಉಣ್ಣುವ ಮನೆಯಲ್ಲಿ ಈ ಆಪತ್ತು ಇನ್ನೂ ಹೆಚ್ಚು.

6

ಪಥ್ಯದ ಇನ್ನೊಂದು ಮುಖವು ಬೇಯಿಸುವ ಕ್ರಮಕ್ಕೆ ಸಂಬಂಧಿಸಿದುದು. ಹಿಂದೆ ನಮ್ಮ ಮನೆಗಳಲ್ಲಿ ಹೆಚ್ಚು ನೀರಿನಲ್ಲಿ ಅಕ್ಕಿಯನ್ನು ಬೇಯಿಸಿ ಗಂಜಿಯನ್ನು ಬಸಿಯುವ ರೂಢಿಯಿತ್ತು. ಇದರಿಂದ ಜೀವಸತ್ವಗಳು ನಷ್ಟವಾಗುತ್ತವೆಂದು 20ನೆಯ ಶತಮಾನದ ಪೌಷ್ಟಿಕಾಹಾರ ತಜ್ಞರು ಬಸಿಯಬಾರದೆಂದು ಬೋಧಿಸುತ್ತ ಬಂದರು. ಪ್ರೆಶರ್ ಕುಕ್ಕರ್ ಬಂದಮೇಲೆ ಬಸಿಯುವ ರೂಢಿಯೇ ಹಿಂದೆಬಿತ್ತು. ಆರೋಗ್ಯವಂತರಿಗೆ ಇದು ಒಳ್ಳೆಯದೇ. ಆದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿದ ಮೂತ್ರಪಿಂಡರೋಗಿಗೆ, ಮುಖ್ಯವಾಗಿ ಬೇಳೆ, ಗಡ್ಡೆ, ಕಾಯಿಪಲ್ಲೆಗಳ ವಿಷಯದಲ್ಲಿ, ಹಿಂದಿನವರ ಬಸಿಯುವ ಕ್ರಮವೇ ಹಿತಕರ. ಏಕೆಂದರೆ ಪೊಟ್ಯಾಸಿಯಂ ನೀರಿನಲ್ಲಿ ಕರಗಿಹೋಗುವ ಪದಾರ್ಥ. ಅಕ್ಕಿಯಲ್ಲಿ ಅದು ಮೊದಲೇ ಅಲ್ಪ. ಪೊಟ್ಯಾಸಿಯಂ ಮಿತಿಮೀರಿದರೆ ಹೃದಯವು ಹಠಾತ್ತಾಗಿ ನಿಲ್ಲುವ ಭಯವಿರುವುದರಿಂದ ಇದು ಸಣ್ಣ ಸಂಗತಿಯಲ್ಲ.

ಬಟಾಟೆಯ ಮೇಲೆ ಅಮೇರಿಕದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗವೊಂದು ಇಲ್ಲಿ ಉಲ್ಲೇಖನೀಯ. ಹೋಳುಮಾಡಿ ನೀರಿನಲ್ಲಿ ಕುದಿಸಿದಾಗ ಪೊಟ್ಯಾಸಿಯಂ ಸುಮಾರು ಅರ್ಧದಷ್ಟು ಇಳಿಯಿತು. ತುರಿದು ಕುದಿಸಿದಾಗ ಮುಕ್ಕಾಲು ಪಾಲು ಇಳಿಯಿತು. ಬರಿಯ ತಣ್ಣೀರಿನಲ್ಲಿ ನೆನೆಯಿಟ್ಟುದರಿಂದ ಹೇಳುವಂಥ ಪ್ರಯೋಜನವಾಗಲಿಲ್ಲ. ರಾತ್ರಿಯಿಡೀ ನೆನೆಹಾಕಿ ನಿಶ್ಚಿಂತರಾಗುವವರು ಇದನ್ನು ಗಮನಿಸಬೇಕು. ಸಣ್ಣಗೆ ಹೆಚ್ಚಿ, ಹೆಚ್ಚು ನೀರಿನಲ್ಲಿ ಕುದಿಸಿ, ಆ ನೀರನ್ನು ಚೆಲ್ಲಿ, ಬಳಿಕ ಒಗ್ಗರಣೆ ಹಾಕುವುದು ಸರಿಯಾದ ಕ್ರಮ. ಕೆಂಡದಲ್ಲಿ ಸುಟ್ಟ ಗೆಣಸಿನಲ್ಲಿಯೂ ಕುಕ್ಕರಿನಲ್ಲಿ ನೀರಿಲ್ಲದೆ ಬೆಂದ ಬಟಾಟೆಯಲ್ಲಿಯೂ ಪೊಟ್ಯಾಸಿಯಂ ಹಾಗೆಯೇ ಉಳಿಯುತ್ತದೆ.

ನಮ್ಮ ಸೀಮೆಯ ಅಡುಗೆಯಲ್ಲಿ ಇದಕ್ಕೊಂದು ಸಿದ್ಧ ನಿದರ್ಶನವುಂಟು. ಹಬ್ಬದ ದಿನ ಹೋಳಿಗೆಗಾಗಿ ಕಡಲೆಬೇಳೆಯನ್ನು ಬೇಯಿಸಿ ಬಸಿದ ಕಟ್ಟಿನಿಂದ ಕಟ್ಟಿನ ಸಾರು ಮಾಡುತ್ತಾರೆ. ಬೇಳೆಯ ಪೊಟ್ಯಾಸಿಯಮ್ಮಿನ ಗಣನೀಯ ಭಾಗವು ಆ ಕಟ್ಟಿನಲ್ಲಿ ಇಳಿದಿರುತ್ತದೆ. ಸಸಾರಜನಕದ ಹೆಚ್ಚಿನ ಭಾಗವು ಬೇಳೆಯಲ್ಲಿಯೇ ನಿಂತಿರುತ್ತದೆ. ಸಾರು ತೆಳ್ಳಗಿದೆಯೆಂದು ಅದನ್ನೇ ರೋಗಿಗೆ ಬಡಿಸಿ ಬೇಳೆಯನ್ನು ತಪ್ಪಿಸುವುದು ಲೋಕರೂಢಿಗೆ ಸಹಜ. ಲೆಕ್ಕಕ್ಕೆ ಅದು ವಿಪರೀತ. ಬಸಿದ ಬೇಳೆಯ ಅಳೆದ ಭಾಗವು ರೋಗಿಗೆ, ಕಟ್ಟು ಮನೆಯ ಉಳಿದವರಿಗೆ ಸಲ್ಲಬೇಕು. ಪೊಟ್ಯಾಸಿಯಂ ಏರದ ರೋಗಿಗೆ ಈ ಕಟ್ಟುನಿಟ್ಟು ಬೇಕಿಲ್ಲವೆಂಬುದನ್ನೂ ಮರೆಯಬಾರದು; ರಕ್ತಪರೀಕ್ಷೆಯೇ ಇದನ್ನು ನಿರ್ಣಯಿಸತಕ್ಕದ್ದು.

ಉಪ್ಪಿನ ವಿಷಯದಲ್ಲಿ ದಿನಕ್ಕೆ 5 ಗ್ರಾಂ, ಅಂದರೆ ಚಹದ ಒಂದು ಚಮಚದಷ್ಟು, ಗರಿಷ್ಠ ಮಿತಿ. ಕೂಡುಕುಟುಂಬದಲ್ಲಿ ಬೇರೆ ಅಡುಗೆ ಕಷ್ಟವಾದ್ದರಿಂದ, ಪಲ್ಲೆ ಸಾರುಗಳನ್ನು ಉಪ್ಪಿಲ್ಲದೆ ಬೇಯಿಸಿ ರೋಗಿಯ ಪಾಲನ್ನು ತೆಗೆದಿಟ್ಟು, ನಂತರ ಉಳಿದವರಿಗೆ ಉಪ್ಪು ಹಾಕುವುದು ಸುಲಭೋಪಾಯ. ಜೋಳದ ರೊಟ್ಟಿಗೆ ಉಪ್ಪು ಅನಿವಾರ್ಯವಲ್ಲ. ನಿಂಬೆ, ಆಮಸೂಲ, ಬೆಳ್ಳುಳ್ಳಿ, ಜೀರಿಗೆ, ಕರಿಬೇವುಗಳಿಂದ ರುಚಿಯನ್ನು ತುಂಬಿಕೊಳ್ಳಬಹುದು. ಸೈಂಧವ ಲವಣವೂ ಸೋಡಿಯಮ್ಮಿನ ಉಪ್ಪೇ ಆದುದರಿಂದ ಅದರಿಂದ ವಿನಾಯಿತಿಯಿಲ್ಲ. ಸೋಡಿಯಂ ಕಡಿಮೆಯಿದೆಯೆಂದು ಮಾರುವ ಉಪ್ಪುಗಳಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಕ್ಲೋರೈಡು ಇರುವುದರಿಂದ ಅವು ಈ ರೋಗಿಗಳಿಗೆ ಅಪಾಯಕಾರಿ. ಹಾಲಿನಲ್ಲಿಯ ರಂಜಕವು ಕುಂದಾ, ಪೇಢೆಗಳಲ್ಲಿ ಹಾಲು ಬತ್ತಿದಂತೆ ಸಾಂದ್ರವಾಗುತ್ತದೆಂಬುದನ್ನು ಬೆಳಗಾವಿಯವರು ವಿಶೇಷವಾಗಿ ನೆನೆಯಬೇಕು.

7

ಲೆಕ್ಕದ ರೀತಿಯನ್ನು ಒಂದು ಉದಾಹರಣೆಯಿಂದ ತೋರಿಸುತ್ತೇವೆ. ಇದು ಯಾವ ರೋಗಿಗೂ ಆದೇಶವಲ್ಲ. ಅದು ವೈದ್ಯರ ಮತ್ತು ಆಹಾರತಜ್ಞರ ಕಾರ್ಯ. 50 ಕಿಲೋಗ್ರಾಂ ತೂಕದ, ಡಯಾಲಿಸಿಸ್ಸಿನ ಮೇಲಿಲ್ಲದ ಒಬ್ಬರಿಗೆ ದಿನಕ್ಕೆ ಸುಮಾರು 35 ಗ್ರಾಂ ಸಸಾರಜನಕವೆಂದು ಇಟ್ಟುಕೊಳ್ಳೋಣ. 200 ಗ್ರಾಂ ಅಕ್ಕಿಯಿಂದ 15 ಗ್ರಾಂ, ಎರಡು ಸಣ್ಣ ರೊಟ್ಟಿಗೆ ಬೇಕಾದ 60 ಗ್ರಾಂ ಜೋಳದ ಹಿಟ್ಟಿನಿಂದ 6, 25 ಗ್ರಾಂ ತೊಗರಿಬೇಳೆಯಿಂದ 5ಕ್ಕಿಂತ ತುಸು ಹೆಚ್ಚು, 150 ಮಿಲಿಲೀಟರ್ ಹಾಲು ಅಥವಾ ಮೊಸರಿನಿಂದ 5, ಹೀರೆ, ಸೋರೆ, ಎಲೆಕೋಸಿನಂಥ ಕಾಯಿಪಲ್ಲೆಯಿಂದ 3 ಅಥವಾ 4. ಇಲ್ಲಿಗೆ 35 ಗ್ರಾಂ ತುಂಬಿತು. ಸುಮಾರು 35 ಗ್ರಾಂ ಎಣ್ಣೆಯನ್ನೂ 50 ಗ್ರಾಂ ಸಾಬೂದಾಣಿಯನ್ನೂ ಕೂಡಿಸಿದರೆ ಒಟ್ಟು ಶಕ್ತಿಯು 1600 ಕ್ಯಾಲೊರಿಯನ್ನು ಮೀರುತ್ತದೆ. ಶಕ್ತಿ ಸಾಲದಿದ್ದರೆ ದೇಹವು ತನ್ನ ಮಾಂಸವನ್ನೇ ಕರಗಿಸಿಕೊಳ್ಳುವುದರಿಂದ ಪಥ್ಯವೆಂದರೆ ಉಪವಾಸವಲ್ಲ. ಮಧುಮೇಹವಿದ್ದವರಲ್ಲಿ ಪಿಷ್ಟದ ಪ್ರಮಾಣವನ್ನು ಬೇರೆಯಾಗಿ ಹೊಂದಿಸಬೇಕಾಗುತ್ತದೆ.

ಅದೇ ವ್ಯಕ್ತಿಗೆ ಡಯಾಲಿಸಿಸ್ ಮೊದಲಾಯಿತೆನ್ನೋಣ. ಈಗ ಬೇಕಾದುದು 50ರಿಂದ 60 ಗ್ರಾಂ. ಮೇಲಿನ ಊಟಕ್ಕೆ ಎರಡು ತತ್ತಿಯ ಬಿಳಿಭಾಗವನ್ನೂ 50 ಗ್ರಾಂ ಮೀನನ್ನೂ ಸೇರಿಸಿದರೆ ಕೊರತೆ ತುಂಬುತ್ತದೆ. ಶಾಕಾಹಾರಿಗಳು ಬಸಿದ ಬೇಳೆಯನ್ನು ಇಮ್ಮಡಿಗೊಳಿಸಿ, ಮೊಸರು, ಪನೀರುಗಳನ್ನು ವೈದ್ಯರು ಹೇಳಿದ ರಂಜಕದ ಮಿತಿಯೊಳಗೆ ಹೆಚ್ಚಿಸಿಕೊಳ್ಳಬೇಕು. ತಾಟು ಅದೇ, ಒಲೆ ಅದೇ, ರೋಗಿಯೂ ಅವರೇ. ಬದಲಾದದ್ದು ರೋಗದ ಘಟ್ಟ ಮತ್ತು ಅದರೊಡನೆ ಅಳತೆ.

8

ಮೇಲಿನ ವಿವೇಚನೆಯಿಂದ ತಿಳಿದುಬರುವುದೇನೆಂದರೆ: ಚರಕಸಂಹಿತೆಯ ಕಾಲದ ಉಪ್ಪಿನ ವರ್ಜನೆ, ಕಾರೆಲ್ಲನ ಹಾಲು, ಕೆಂಪ್ನರನ ಅನ್ನ, ಇಟಲಿಯವರ ಮಿತ ಸಸಾರಜನಕ ಇವೆಲ್ಲವೂ ತಮ್ಮ ತಮ್ಮ ಸಂದರ್ಭದಲ್ಲಿ ಸತ್ಯಾಂಶವನ್ನು ಹೊಂದಿದ್ದವು. ಅವುಗಳಲ್ಲಿ ಉಪ್ಪಿನ ನಿಯಮವು ಬಹುಮಟ್ಟಿಗೆ ಎಲ್ಲ ಘಟ್ಟಗಳಲ್ಲಿಯೂ ನಿಂತಿತು. ಉಳಿದವು ರೋಗದ ಘಟ್ಟಕ್ಕೆ ತಕ್ಕಂತೆ ಗ್ರಾಹ್ಯವೋ ತ್ಯಾಜ್ಯವೋ ಆದವು. ವೈದ್ಯಶಾಸ್ತ್ರವು ಈ ಹಾದಿಯನ್ನು ಕ್ರಮಿಸಲು ಎರಡು ಶತಮಾನಗಳಷ್ಟು ಕಾಲ ಹಿಡಿಯಿತು. ಪೀರನವಾಡಿಯ ಒಂದು ಕುಟುಂಬವು ಅದೇ ಹಾದಿಯನ್ನು ಕೆಲವೇ ವರ್ಷಗಳಲ್ಲಿ, ತನ್ನವರ ಪ್ರಾಣವನ್ನು ಕೈಯಲ್ಲಿ ಹಿಡಿದುಕೊಂಡು ಕ್ರಮಿಸಬೇಕಾಗಿದೆ. ಹೀಗಿರಲಾಗಿ, ರೋಗಿಗೆ ಕೊಡುವ ಪಥ್ಯದ ಚೀಟಿಯಲ್ಲಿ ಪದಾರ್ಥಗಳ ಹೆಸರಿನೊಡನೆ ಅದು ಯಾವ ಘಟ್ಟದವರೆಗೆ ಸಲ್ಲುತ್ತದೆಂಬುದನ್ನೂ, ಮತ್ತೆ ಯಾವಾಗ ಪರಿಶೀಲಿಸಬೇಕೆಂಬುದನ್ನೂ, ಅಡುಗೆ ಮಾಡುವವರ ಭಾಷೆಯಲ್ಲಿ ಬರೆದುಕೊಡುವುದು ಅವಶ್ಯವೆಂದು ನಾವು ಭಾವಿಸುತ್ತೇವೆ. ಈ ಸೀಮೆಯ ಬೇಯಿಸುವ, ಬಸಿಯುವ, ಒಗ್ಗರಿಸುವ ಕ್ರಮಗಳನ್ನು ಮನೆಮನೆಯಲ್ಲಿ ಅಳೆದು ದಾಖಲಿಸುವ ಕೆಲಸವನ್ನು ನಮ್ಮ ಮಹಾವಿದ್ಯಾಲಯಗಳ ಇತಿಹಾಸ, ಗೃಹವಿಜ್ಞಾನ ಮತ್ತು ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಕೂಡಿ ಕೈಕೊಂಡರೆ, ಅದು ವಿದ್ವತ್ತಿಗೂ ರೋಗಿಗಳ ಊಟಕ್ಕೂ ಏಕಕಾಲದಲ್ಲಿ ಉಪಯುಕ್ತವಾಗುವುದು.